ಟೀ ಅಂಗಡಿಯಲ್ಲಿ ಸುರಿದ ಮಳೆ

ನಮ್ಮ ಭಾವ ಇಲ್ಲದಿದ್ದರೆ ಸುಂಟಿಕೊಪ್ಪದ ಸುತ್ತಮುತ್ತ ಮಳೆಯೇ ಬೀಳುತ್ತಿರಲಿಲ್ಲ. ಹೀಗೆಂದು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ! "ಬಿದ್ದದ್ದನ್ನ ಯಾರೂ ಅಳೀಲಿಲ್ಲ ಅಂದ್ರೆ ಅದು ಬಿದ್ದ ಹಾಗೇನಮ್ಮ? ನಾನು ಅಳೆದೆ, ಬಿತ್ತು!" ಎಂದು ಹೇಳಿ, ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ಕೊಡವಿ, ಆಕಾಶದ ಕಡೆ ನೋಡುತ್ತಾರೆ. ಆಕಾಶ ಇದುವರೆಗೆ ಎದುರಾಡಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಚೆಟ್ಟಳ್ಳಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ತೋಟದ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಯಾರು ಕೆಲಸಕ್ಕೆ ಬಂದರು, ತೋಟದ ಯಾವ ಪಟ್ಟೆಯಲ್ಲಿ ಹಣ್ಣಿನ ಪಿಕ್ಕಿಂಗ್ ಆಯಿತು ಎಂದು ಬರೆಯುವವರು. ಆದರೆ ನಮ್ಮ ಭಾವನ ಮಟ್ಟಿಗೆ ಈ ಎರಡರ ನಡುವಿನ ಗೋಡೆ ಅಷ್ಟೇನೂ ಗಟ್ಟಿಯಲ್ಲ. ಅದನ್ನು ಮುಂದೆ ನೀವೇ ನೋಡುತ್ತೀರಿ.

ನಾನು ಮಡಿಕೇರಿಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ, ಒಂಬತ್ತೂವರೆಗೆ ದೀಪ ಆರಿಸುವುದು. ಕೆಲಸ ಬಿಟ್ಟು ಕುಶಾಲನಗರದಲ್ಲಿ ಮನೆ ಮಾಡಿದ ಮೇಲೂ ಇದರಲ್ಲಿ ಒಂದು ನಿಮಿಷ ಆಚೀಚೆ ಆಗಿಲ್ಲ. ಭಾನುವಾರ ಹತ್ತರ ಬಸ್ಸಿಗೆ ಅಕ್ಕನ ಮನೆಗೆ ಹೋಗುವುದೂ ಈ ಪಟ್ಟಿಯಲ್ಲಿ ಸೇರಿದೆ. ನನ್ನನ್ನು ಕಂಡಕೂಡಲೇ ಭಾವ ಎದ್ದು ನಿಂತು ಹಣೆಗೆ ಕೈ ಹಚ್ಚಿ, "ವಾರ್ಡನ್ನಮ್ಮೋರು ಬಂದ್ರು, ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ!" ಎನ್ನುತ್ತಾರೆ. ಮನೆಯಲ್ಲಿರುವವರು ಅವರು, ಅಕ್ಕ, ಒಂದು ಬೆಕ್ಕು. ಬೆಕ್ಕು ಮಾತ್ರ ಜಾಗ ಬಿಡುವುದಿಲ್ಲ.

ಭಾವನ ಮೊದಲ ವಿಶೇಷ ಮಣ್ಣು. ಎಲ್ಲಿಗೇ ಹೋಗಲಿ, ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು, ಮೂಸಿ, ನಾಲಿಗೆಯ ತುದಿಗೆ ಹಚ್ಚಿ, ಕಣ್ಣು ಮುಚ್ಚುತ್ತಾರೆ. ಆಮೇಲೆ ಅದು ಯಾವ ಊರಿನ ಮಣ್ಣು, ಅದರಲ್ಲಿ ಕಾಫಿ ಬರುತ್ತದೋ ಶುಂಠಿ ಬರುತ್ತದೋ ಎಂದು ತೀರ್ಪು. ಒಮ್ಮೆ ಪಕ್ಕದ ಮನೆಯವರು ತಮ್ಮ ಮಗಳಿಗೆ ವರ ನೋಡಲು ಶ್ರೀಮಂಗಲಕ್ಕೆ ಹೊರಟಾಗ, ಹಿರಿಯರು ಒಬ್ಬರಿರಲಿ ಎಂದು ಇವರನ್ನೂ ಕರೆದುಕೊಂಡು ಹೋದರು. ಸಂಜೆ ಬಂದವರನ್ನು ಅಕ್ಕ ಕೇಳಿದಳು, "ಹುಡುಗ ಹೇಗಿದ್ದಾನೆ?"

"ಮಣ್ಣು ಬಹಳ ಚೆನ್ನಾಗಿದೆ ಕಣೇ. ಮೆಣಸಿನ ಬಳ್ಳಿಗೆ ಹೇಳಿ ಮಾಡಿಸಿದ್ದು."

"ಹುಡುಗ, ರೀ?"

"ಹುಡುಗ... ಇದ್ದ ಅನ್ಸುತ್ತೆ."

ಎರಡನೆಯ ವಿಶೇಷವೇ ಮಳೆ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಇಲ್ಲಿ ತೋಟ ಎಂದಮೇಲೆ ಅಂಗಳದ ನಡುವೆ ಒಂದು ರೇನ್‌ಗೇಜ್ ಇರಲೇಬೇಕು. ಬೆಳಿಗ್ಗೆ ಎಂಟಕ್ಕೆ ಅದರೊಳಗಿನ ನೀರನ್ನು ಗೆರೆ ಕೊರೆದ ಗಾಜಿನ ಗ್ಲಾಸಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆಯಬೇಕು. ಇಂಚನ್ನು ನೂರು ಮಾಡಿದರೆ ಒಂದು ಪಾಲು ಒಂದು ಸೆಂಟ್. ಬೇರೆ ಊರುಗಳಲ್ಲಿ ಇಬ್ಬರು ಎದುರಾದರೆ "ಊಟ ಆಯ್ತಾ?" ಎನ್ನುತ್ತಾರೆ. ನಮ್ಮಲ್ಲಿ "ನಿಮ್ಮಲ್ಲಿ ಎಷ್ಟು?" ಎನ್ನುತ್ತಾರೆ. ಏನು ಎಷ್ಟು ಎಂದು ಕೇಳುವವನು ಈ ಜಿಲ್ಲೆಯವನಲ್ಲ ಎಂದು ತಿಳಿಯಬೇಕು.

ಭಾವನ ತೋಟದ ದೊರೆಗೆ, ಅಂದರೆ ಮಾಲೀಕರಿಗೆ, ಈ ಪ್ರಶ್ನೆಯೇ ಶನಿಯಾಗಿತ್ತು. ಸಂಜೆ ಕ್ಲಬ್ಬಿನಲ್ಲಿ ಪಕ್ಕದ ತೋಟದ ದೊರೆ "ನಿಮ್ಮಲ್ಲಿ ಎಷ್ಟು?" ಎಂದು ಕೇಳುವುದು, ಇವರು ಹೇಳುವುದು, ಅವರು "ಅಷ್ಟೇನಾ? ನಮ್ಮಲ್ಲಿ ಇನ್ನೂ ಹೆಚ್ಚು" ಎಂದು ಮೀಸೆ ತಿರುವುವುದು. ಬೆಳೆಯಲ್ಲಿ ಸೋಲಬಹುದು, ಬೆಲೆಯಲ್ಲಿ ಸೋಲಬಹುದು, ಮಳೆಯಲ್ಲಿ ಸೋಲುವುದುಂಟೇ! ಒಂದು ದಿನ ದೊರೆ ಭಾವನನ್ನು ಕರೆದು ಹೇಳಿದರಂತೆ, "ರೈಟ್ರೇ, ನಮ್ಮ ತೋಟದಲ್ಲಿ ಅವರಿಗಿಂತ ಕಡಿಮೆ ಮಳೆ ಬರಕೂಡದು."

ದೊರೆಯ ಆಜ್ಞೆ. ವರುಣನಿಗೆ ತಲುಪಿಸುವ ದಾರಿ ಗೊತ್ತಿಲ್ಲದ್ದರಿಂದ ಭಾವ ಸುಂಟಿಕೊಪ್ಪದ ಟೀ ಅಂಗಡಿಗೆ ಹೋದರು. ಪಕ್ಕದ ತೋಟದ ರೈಟರ್ ಅಲ್ಲಿಗೇ ಬರುವವರು. ಅವರ ಮಳೆ ಎಷ್ಟೆಂದು ಮಾತಿನಲ್ಲೇ ತಿಳಿದು, ಅದರ ಮೇಲೆ ಹತ್ತು ಸೆಂಟ್ ಹಾಕಿ, ತೋಟದ ಹಸಿರು ಬಟ್ಟೆಯ ಪುಸ್ತಕದಲ್ಲಿ ದುಂಡಗೆ ಬರೆದರು. ದೊರೆಗೆ ಸಂತೋಷ. ಹೀಗೆ ಕೆಲವು ದಿನ ನಡೆದ ಮೇಲೆ ಭಾವನಿಗೆ ಒಂದು ಸತ್ಯ ಹೊಳೆಯಿತು: ಆ ರೈಟರಿಗೂ ಅವರ ದೊರೆಯಿಂದ ಅದೇ ಆಜ್ಞೆಯಾಗಿದೆ! ಅಂದಿನಿಂದ ಇಬ್ಬರೂ ಎದುರುಬದುರು ಕೂತು, ನೀವು ಮೊದಲು ಹೇಳಿ, ಇಲ್ಲ ನೀವು ಹೇಳಿ ಎಂದು ಟೀ ಮೇಲೆ ಟೀ ಕುಡಿಯುತ್ತಿದ್ದರು. ಮೊದಲು ಹೇಳಿದವನು ಸೋತ. ಬಿಸಿಲಿದ್ದ ದಿನವೂ ಆ ಬೆಂಚಿನ ಮೇಲೆ ಕಾಲು ಇಂಚು ಸುರಿದದ್ದುಂಟು.

ಇದು ನಮ್ಮ ಮನೆಯ ಹಳೆಯ ನಗೆ. ಹಸಿರು ಪುಸ್ತಕಕ್ಕೆ ನಾವು 'ದೊರೆ ಪುಸ್ತಕ' ಎನ್ನುತ್ತಿದ್ದೆವು. ನಿಜವಾಗಿ ಬಿದ್ದದ್ದನ್ನು ಬರೆದ ನೋಟುಬುಕ್ಕುಗಳು ಬೇರೆ ಇದ್ದವು, ಅಕ್ಕನ ಟ್ರಂಕಿನಲ್ಲಿ. ಅವು 'ಮನೆ ಪುಸ್ತಕ'. ಭಾವ ನಿವೃತ್ತರಾದಾಗ ತೋಟದವರು ಹಳೆಯ ರೇನ್‌ಗೇಜನ್ನು ಅವರಿಗೇ ಕೊಟ್ಟರು. ತೋಟದ ಗೇಟಿನ ಪಕ್ಕದಲ್ಲೇ ಮನೆ ಕಟ್ಟಿಸಿ ಅಂಗಳದಲ್ಲಿ ಅದನ್ನು ನೆಟ್ಟರು. ಲೈಟು ಬಿಲ್ಲಿನ ತಾರೀಖು, ಮದುವೆಯ ಮುಹೂರ್ತ, ಬಸ್ಸಿನ ಹೊತ್ತು ಯಾವುದನ್ನೂ ನೆಟ್ಟಗೆ ಹಿಡಿಯದ ಈ ಮನುಷ್ಯ ಎಂಟು ಗಂಟೆಯ ಮಳೆಯನ್ನು ಮಾತ್ರ ಹೇಗೆ ತಪ್ಪದೆ ಅಳೆದರು ಎಂದು ನಾನು ಒಳಗೊಳಗೇ ಬೆರಗಾಗುತ್ತಿದ್ದೆ. ಆ ಒಂದು ಗುಣಕ್ಕಾಗಿ ಅವರ ಮಿಕ್ಕ ತೊಂಬತ್ತೊಂಬತ್ತನ್ನು ಮನ್ನಿಸಿದ್ದೆ ಕೂಡ.

ಹೀಗಿರುವಾಗ ಈ ವರ್ಷದ ಮಳೆಗಾಲದಲ್ಲಿ, ಒಂದು ಭಾನುವಾರ, ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ದೇಚಮ್ಮ ಎಂದು ಹೆಸರು. ಶ್ರೀಮಂಗಲದ ಕಡೆಯವಳು, ಕುಶಾಲನಗರದ ಆಚೆಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಕೆಲವು ವರ್ಷಗಳ ಹಿಂದೆ ಕೊಡಗಿನ ಗುಡ್ಡಗಳು ಜಾರಿದ ಆ ಮಳೆಗಾಲದಲ್ಲಿ ಭಾವನ ತೋಟದ ಹಿಂದಿನ ಗುಡ್ಡವೂ ಒಂದು ಅಂಚಿನಲ್ಲಿ ಕುಸಿದಿತ್ತು. ಕೆಳಗೇ ಕೆಲಸಗಾರರ ಲೈನ್ ಮನೆಗಳು. ಜೀವಗಳು ಉಳಿದವು, ಪಾತ್ರೆಪಗಡಿ ಹೋಯಿತು. ಎಷ್ಟು ಮಳೆ ಸುರಿದ ಮೇಲೆ ಆ ಗುಡ್ಡ ಜಾರುತ್ತದೆ, ಎಷ್ಟಾದಾಗ ಲೈನಿನವರನ್ನು ಎಬ್ಬಿಸಿ ಕಳಿಸಬೇಕು ಎನ್ನುವುದು ಈಕೆಯ ಅಧ್ಯಯನ. ಅದಕ್ಕೆ ಹಳೆಯ ಮಳೆ ಪುಸ್ತಕ ಬೇಕು. "ಅಜ್ಜ, ನಿಮ್ಮ ಪುಸ್ತಕ ಸಿಗದಿದ್ರೆ ನನ್ನ ಪ್ರಾಜೆಕ್ಟೇ ಇರ್ತಿರ್ಲಿಲ್ಲ. ನಾವು ಸ್ಟೂಡೆಂಟ್ಸೇ ಸೇರಿ ಒಂದು ಕಾನ್ಫರೆನ್ಸ್ ಮಾಡ್ತಿದೀವಿ. ನೀವು ಬರ್ಲೇಬೇಕು, ಮುಂದಿನ ಸಾಲಲ್ಲಿ ಕೂರ್ಬೇಕು" ಎಂದಳು.

ಮುಂದಿನ ಸಾಲು! ಭಾವ ಆಮೇಲೆ ಅವಳಿಗೆ ಬಾಯಿ ತೆರೆಯಲು ಬಿಟ್ಟಿದ್ದರೆ ಕೇಳಿ. ಚೆಟ್ಟಳ್ಳಿಯ ಮಣ್ಣಿನ ರುಚಿಯಿಂದ ಶುರುಮಾಡಿ ಎರಡು ಗಂಟೆ ಪಾಠ. ಕಾಫಿ ತಂದ ಅಕ್ಕ ನಡುವೆ ಒಮ್ಮೆ, "ಯಾವ ಪುಸ್ತಕ ಸಿಕ್ಕಿತಂತೆ, ಕೇಳಿ" ಎಂದಳು.

"ನೀನು ಸುಮ್ಮನಿರೇ, ಇದು ವಿಜ್ಞಾನದ ವಿಷಯ" ಎಂದರು ಭಾವ.

ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನೂ ಕೇಳಲಿಲ್ಲ. ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಒಬ್ಬರೇ ಮಾತಾಡುವುದನ್ನು ಕೇಳಿ ನನ್ನ ತಲೆ ನಿಂತುಹೋಗಿತ್ತು.

ಸಮ್ಮೇಳನ ಬಂದದ್ದು ಸೆಪ್ಟೆಂಬರಿನಲ್ಲಿ, ಶನಿವಾರ ಮತ್ತು ಭಾನುವಾರ. ಅಷ್ಟರಲ್ಲಿ ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಿ ಭಾವ ಮುಖ್ಯ ಅತಿಥಿ ಎಂದೂ, ಗ್ಯಾರೇಜಿನ ಹತ್ತಿರ ಉದ್ಘಾಟಕರೆಂದೂ, ಮೀನಿನ ಮಾರುಕಟ್ಟೆ ದಾಟುವ ಹೊತ್ತಿಗೆ ವಿಜ್ಞಾನಿ ಎಂದೂ ಸುದ್ದಿಯಾಗಿತ್ತು. ಮದುವೆಯ ಕೋಟು ಹೊರಬಂತು. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿಯಿಲ್ಲ. ಅಕ್ಕನೂ ಬರಲಿ ಎಂದು ನಾನು ಹೇಳಿದೆ. "ಅವಳಿಗೆ ಅಲ್ಲೇನು ಅರ್ಥ ಆಗುತ್ತೆ? ಮಂಡಿನೋವು ಬೇರೆ" ಎಂದರು. ಜೊತೆಗೆ ಹೊರಟವಳು ನಾನು, ಹೊತ್ತಿಗೆ ಸರಿಯಾಗಿ ತಲುಪಿಸುವ ಹೊಣೆ ಹೊತ್ತು.

ಮಕ್ಕಳು ನಡೆಸುವ ಸಮ್ಮೇಳನ ಎಂದರೆ ಹೇಗಿರುತ್ತದೋ ಎಂಬ ಅಳುಕು ನನಗಿತ್ತು. ಬ್ಯಾನರನ್ನು ಕಟ್ಟಿದ ಹುಡುಗಿಯೇ ಬ್ಯಾಡ್ಜ್ ಕೊಡುತ್ತಿದ್ದಳು, ಅವಳೇ ಓಡಿಹೋಗಿ ಮೈಕ್ ಸರಿಮಾಡುತ್ತಿದ್ದಳು. ಟೀ ಹತ್ತಿರ ಮಾತ್ರ ಜೇನುಗೂಡಿಗೆ ಕಲ್ಲು ಬಿದ್ದಂತಿತ್ತು. ನಾನು ಕೈ ತಟ್ಟಿ, "ಎಡಗಡೆಯಿಂದ ಒಂದೇ ಸಾಲು!" ಎಂದೆ. ಎರಡು ನಿಮಿಷದಲ್ಲಿ ಪ್ರೊಫೆಸರುಗಳೂ ಸಾಲಿನಲ್ಲಿದ್ದರು. ಈ ಮಕ್ಕಳಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ಒಂದು ಗಂಟೆ ಬಾರಿಸುವವರು ಬೇಕು, ಅಷ್ಟೆ.

ಹೊರಗಿನ ವರಾಂಡದಲ್ಲಿ ಕಲ್ಲು, ಮಣ್ಣಿನ ಮಾದರಿಗಳನ್ನು ಗಾಜಿನ ಬಾಟಲಿಗಳಲ್ಲಿ ಇಟ್ಟಿದ್ದರು. ಭಾವನ ಕಾಲು ಅಲ್ಲೇ ನೆಟ್ಟಿತು. 'ಸುಂಟಿಕೊಪ್ಪ, ಗುಡ್ಡದ ಇಳಿಜಾರು' ಎಂದು ಚೀಟಿ ಅಂಟಿಸಿದ್ದ ಬಾಟಲಿಯ ಮುಚ್ಚಳ ತೆಗೆದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ, ಒಂದು ಚಿಟಿಕೆ ನಾಲಿಗೆಗೆ ಹೋಯಿತು. ಕಣ್ಣು ಮುಚ್ಚಿದರು. ತೆರೆದರು.

"ಇದು ಸುಂಟಿಕೊಪ್ಪದ್ದಲ್ಲ."

ಅಲ್ಲಿ ನಿಂತಿದ್ದ ಹುಡುಗ ಬ್ಯಾಡ್ಜನ್ನು ತಿರುಚುತ್ತಾ, "ಅಲ್ಲ ಅಂಕಲ್, ಅಲ್ಲಿಂದಾನೇ ತಂದಿದ್ದು..." ಎಂದ.

"ಇದಕ್ಕೆ ಸಗಣಿ ಗೊಬ್ಬರ ಬಿದ್ದಿದೆ. ಗುಡ್ಡಕ್ಕೆ ಯಾವ ಪುಣ್ಯಾತ್ಮ ಗೊಬ್ಬರ ಹಾಕ್ದ?"

ಹುಡುಗ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಸ್ಸಲ್ಲಿ ಬಾಟ್ಲಿ ಒಡೆದೋಯ್ತು ಅಂಕಲ್. ಇದು ನಮ್ಮ ಆಫೀಸ್ ಮುಂದಿನ ಗುಲಾಬಿ ಪಾತಿದು. ಯಾರಿಗೂ ಹೇಳ್ಬೇಡಿ."

ಭಾವ ಎದೆ ಉಬ್ಬಿಸಿದರು. ಕೋಟಿನ ಒಂದು ಗುಂಡಿ ಹಾರಿತು. "ನೋಡಪ್ಪ, ಮಣ್ಣು ಸುಳ್ಳಾದ್ರೂ ಪರವಾಗಿಲ್ಲ, ಚೀಟಿ ಸುಳ್ಳಾಗಬಾರ್ದು. ಅದನ್ನ ನಂಬಿ ಯಾರೋ ಮನೆ ಕಟ್ತಾರೆ!" ಹುಡುಗ ತಲೆ ತಗ್ಗಿಸಿ ಆ ಚೀಟಿಯನ್ನು ಕಿತ್ತ. ನನಗೂ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅರ್ಧ ಗಂಟೆಯ ಮೇಲೆ ದೇಚಮ್ಮನ ಸರದಿ. ನಾವು ಮುಂದಿನ ಸಾಲಿನಲ್ಲಿ. ಎರಡು ಮಾತಾಡಿ ಅವಳು ಪರದೆಯ ಮೇಲೆ ಒಂದು ಚಿತ್ರ ತೋರಿಸಿದಳು. ಹಸಿರು ಬಟ್ಟೆಯ ಪುಸ್ತಕ!

ನಾನು ಭಾವನ ಕಡೆ ನೋಡಿದೆ. ಭಾವ ನನ್ನ ಕಡೆ ನೋಡಿದರು. ತೋಟದ ಆಫೀಸಿನವರು ಆಕೆಗೆ ಕೊಟ್ಟದ್ದು ದೊರೆ ಪುಸ್ತಕವನ್ನು! ಕೊಡದೆ ಇನ್ನೇನು, ಆಫೀಸಿನಲ್ಲಿ ಇದ್ದದ್ದೇ ಅದು.

ದೇಚಮ್ಮ ಚಂದವಾಗಿ ಹೇಳುತ್ತಾ ಹೋದಳು. ಈ ತೋಟದಲ್ಲಿ ಸುತ್ತಲಿನ ತೋಟಗಳಿಗಿಂತ ಯಾವಾಗಲೂ ಹೆಚ್ಚು ಮಳೆಯಾಗಿದೆ. ಆದರೂ ಜಾರಿದ ಆ ಮಳೆಗಾಲದವರೆಗೆ ಗುಡ್ಡ ಅಷ್ಟು ವರ್ಷ ನಿಂತಿತ್ತು. ಅಂದರೆ ಇದರ ಮಣ್ಣು ಬೇರೆಡೆಗಿಂತ ಹೆಚ್ಚು ಮಳೆ ತಾಳುತ್ತದೆ. ಪರದೆಯ ಮೇಲೆ ಎತ್ತರದಲ್ಲಿ ಒಂದು ಕೆಂಪು ಗೆರೆ. "ಈ ಗೆರೆ ಮುಟ್ಟೋವರೆಗೆ ಲೈನಿನವರನ್ನ ಸ್ಥಳಾಂತರಿಸಬೇಕಾಗಿಲ್ಲ" ಎಂದು ಮುಗಿಸಿದಳು. ಜೋರು ಚಪ್ಪಾಳೆ. ತೀರ್ಪುಗಾರರಾಗಿದ್ದ ಪ್ರೊಫೆಸರ್ ತಲೆದೂಗಿ ಏನೋ ಬರೆದುಕೊಂಡರು. ಬಹುಮಾನ ಇವಳಿಗೇ ಎಂದು ಹಿಂದಿನವರು ಪಿಸುಗುಟ್ಟಿದರು.

ಭಾವ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಗೆ ಬಹುಮಾನ, ಇವರಿಗೆ ಶಾಲು. ಆದರೆ ಆ ಕೆಂಪು ಗೆರೆ ನಿಂತದ್ದು ಟೀ ಬೆಂಚಿನ ಮೇಲೆ. ಗುಡ್ಡಕ್ಕೆ ಅದೇನು ಗೊತ್ತು? ಅದು ಗೆರೆ ಮುಟ್ಟುವ ಮೊದಲೇ ಜಾರುತ್ತದೆ, ಲೈನಿನ ಮಕ್ಕಳು ಒಳಗೆ ಮಲಗಿರುತ್ತಾರೆ.

ಭಾವ ಎದ್ದು ನಿಂತರು. ಹಿರಿಯರು ಆಶೀರ್ವಾದ ಮಾಡುತ್ತಾರೆಂದು ಮಕ್ಕಳು ಓಡಿಬಂದು ಮೈಕ್ ಕೊಟ್ಟರು.

"ಮಗಾ, ಆ ಪುಸ್ತಕ ಸುಳ್ಳು."

ಸಭೆ ನಕ್ಕಿತು. ತಮಾಷೆ ಎಂದುಕೊಂಡರು.

"ಬರೆದವನು ನಾನೇ. ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದು ಕ್ಲಬ್ಬು, ದೊರೆ, ಟೀ ಅಂಗಡಿ ಎಲ್ಲವನ್ನೂ ಹೇಳಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಐದು ನಿಮಿಷದೊಳಗೆ!

ಪ್ರೊಫೆಸರ್ ಕನ್ನಡಕ ತೆಗೆದರು. "ದಿನಕ್ಕೆ ಎಷ್ಟು ಸೇರಿಸ್ತಿದ್ರಿ? ಒಂದೇ ಸಮನಾಗಿದ್ರೆ ಕಳೀಬಹುದು."

"ಒಂದೇ ಸಮ ಅಂತ ಇಲ್ಲ ಸಾರ್. ಅವರು ಎಷ್ಟು ಸುಳ್ಳು ಹೇಳಿದ್ರು ಅನ್ನೋದರ ಮೇಲೆ ನಮ್ಮದು."

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ದೇಚಮ್ಮ ಮಾತ್ರ ನಗಲಿಲ್ಲ. ಮೂರು ತಿಂಗಳು ಕೂತು ಟೈಪ್ ಮಾಡಿದ ಅಂಕಿಗಳು. "ಅಜ್ಜ, ಸರಿಯಾದ್ದು ಎಲ್ಲಾದ್ರೂ ಉಂಟಾ?" ಎಂದಳು.

"ಉಂಟು. ಮನೇಲಿದೆ."

"ಅದನ್ನೂ ತಾವೇ ಬರೆದದ್ದೋ?" ಎಂದರು ಪ್ರೊಫೆಸರ್. ಮತ್ತೆ ನಗು.

ಭಾವ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅಲ್ಲ ಸಾರ್. ಎಂಟು ಗಂಟೆಗೆ ನಾನು ಲೈನಿನ ಹತ್ತಿರ ಆಳುಗಳಿಗೆ ಕೆಲಸ ಹಂಚ್ತಿದ್ದೆ. ರೇನ್‌ಗೇಜ್ ಇದ್ದದ್ದು ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ. ದಿನಾ ಅಳೆದದ್ದು, ಬರೆದದ್ದು, ಇವತ್ತಿಗೂ ಅಳೆಯೋದು ನನ್ನ ಹೆಂಡತಿ. ಅದಕ್ಕೇ ಅದು ಸರಿಯಾಗಿದೆ."

ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಪ್ಪಾದವಳು ನಾನು. ಇಷ್ಟು ವರ್ಷ ರಜೆಗೆ ಹೋದಾಗಲೆಲ್ಲ ಎಂಟು ಗಂಟೆಗೆ ಅಕ್ಕ ಅಂಗಳಕ್ಕೆ ಇಳಿಯುವುದನ್ನು ಕಂಡಿದ್ದೇನೆ, ಹೂ ಕೀಳಲು ಹೋಗುತ್ತಾಳೆ ಎಂದುಕೊಂಡು ತಿಂಡಿಗೆ ಕೂತಿದ್ದೇನೆ. ಜುಲೈ ತಿಂಗಳ ಜಡಿಮಳೆಯಲ್ಲಿ ಯಾವ ಹೂವು? ಮುನ್ನೂರು ಹುಡುಗಿಯರಲ್ಲಿ ಯಾರು ಯಾವ ಕಿಟಕಿ ದಾಟಿದರು ಎಂದು ಹಿಡಿಯುತ್ತಿದ್ದ ವಾರ್ಡನ್ ನಾನು!

ಸಂಘಟಕ ಮಕ್ಕಳು ಮೂಲೆಯಲ್ಲಿ ಗುಂಪುಕೂಡಿ ಎರಡು ನಿಮಿಷದಲ್ಲಿ ತೀರ್ಮಾನಿಸಿದರು: ದೇಚಮ್ಮನಿಗೆ ನಾಳೆ ಕೊನೆಯ ಸರದಿ. ಸಂಜೆ ಐದಕ್ಕೆ ಒಂದು ಜೀಪಿನಲ್ಲಿ ಐವರು ಲ್ಯಾಪ್‌ಟಾಪ್ ಹಿಡಿದು ಭಾವನ ಮನೆಗೆ ಬಂದಿಳಿದರು. ಅಕ್ಕನಿಗೆ ವಿಷಯ ಹೇಳಿದಾಗ ಅವಳು ಗಂಡನ ಮುಖ ನೋಡಿ, "ಅವತ್ತೇ ಕೇಳಿ ಅಂದೆ" ಎಂದಷ್ಟೇ ಹೇಳಿ ಟ್ರಂಕ್ ಎಳೆದಳು.

ಅವಳು ಓದಿದಳು, ಮಕ್ಕಳು ಬರೆದುಕೊಂಡರು. ತಪ್ಪಿಲ್ಲ, ತಿದ್ದಿಲ್ಲ. ಸೊನ್ನೆ ಇದ್ದ ಕಡೆ ಸೊನ್ನೆ.

"ಅಜ್ಜಿ, ಅಜ್ಜ ನಿಮಗೂ ಜಾಸ್ತಿ ಬರೀರಿ ಅನ್ಲಿಲ್ವಾ?" ಎಂದಳು ದೇಚಮ್ಮ.

"ಅಂದ್ರು. ಬಂದಷ್ಟು ನಾನು ಬರೀತೀನಿ, ಮೇಲಿಂದು ನೀವು ಸುರ್ಕೊಳ್ಳಿ ಅಂದೆ."

ಅಡಿಗೆಮನೆಯಿಂದ ಪಾತ್ರೆ ಬಿದ್ದ ಸದ್ದು. ಎಲ್ಲರಿಗೂ ಕಾಫಿ ಮಾಡುತ್ತಿದ್ದವರು ಭಾವ! "ಪುಡಿ ಎಷ್ಟು ಚಮಚ?" ಎಂದು ಮೂರು ಸಲ ಕೂಗಿದರು. ಅಕ್ಕ ಓದು ನಿಲ್ಲಿಸಲಿಲ್ಲ. ಬಂದ ಕಾಫಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು, ಆದರೂ ಯಾರೂ ಬಿಡಲಿಲ್ಲ. ಬೇಕಾದ ತಿಂಗಳುಗಳೆಲ್ಲ ಮುಗಿದಾಗ ರಾತ್ರಿ ಒಂಬತ್ತು ಗಂಟೆ. ನಾನು ಕೈ ತಟ್ಟಿ ಮಕ್ಕಳನ್ನು ಜೀಪು ಹತ್ತಿಸಿದೆ.

ಮರುದಿನ ಮುಂದಿನ ಸಾಲಿನಲ್ಲಿ ಅಕ್ಕ. ಪರದೆಯ ಮೇಲಿನ ಕೆಂಪು ಗೆರೆ ಬಹಳ ಕೆಳಗೆ ಇಳಿದಿತ್ತು. "ನಿನ್ನೆ ನಾನು ಹೇಳಿದ್ದು ತಪ್ಪು. ಈ ಗುಡ್ಡ ಬೇರೆ ಗುಡ್ಡಗಳ ಹಾಗೇ. ಲೈನಿನವರನ್ನ ಮೊದಲೇ ಕಳಿಸ್ಬೇಕು" ಎಂದಳು ದೇಚಮ್ಮ. ನಿನ್ನೆ 'ಮಳೆ ಅಳೆದವರು' ಎಂದು ಭಾವನ ಹೆಸರಿದ್ದ ಕಡೆ ಅಕ್ಕನ ಹೆಸರಿತ್ತು. ಬಹುಮಾನ ಬೇರೆ ಯಾರಿಗೋ ಹೋಯಿತು. ಆದರೆ ಸಭೆಗೆ ಬಂದಿದ್ದ ತೋಟದ ಮ್ಯಾನೇಜರ್ ಆ ಕೊನೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಲೈನಿನ ಗೋಡೆಗೇ ಅಂಟಿಸುತ್ತೇನೆ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಭಾವ ಒಂದು ಮಾತೂ ಆಡಲಿಲ್ಲ. ಸುಂಟಿಕೊಪ್ಪದ ಬಾಡಿಗೆ ಕಾರಿನ ಚಾಲಕ ಎರಡು ಸಲ ತಿರುಗಿ ನೋಡಿದ, ಹುಷಾರಿದ್ದಾರಾ ಎಂದು.

ಆ ರಾತ್ರಿಯೂ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ತಿಂಡಿಗೆ ಕೂತರೆ ಮನೆಯಲ್ಲಿ ಯಾರೂ ಇಲ್ಲ. ಹೊರಗೆ ಒಂದೇ ಸಮನೆ ಮಳೆ. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಅಕ್ಕ ಮಂಡಿ ಹಿಡಿದುಕೊಂಡು ರೇನ್‌ಗೇಜಿನ ಹತ್ತಿರ ಬಗ್ಗಿದ್ದಾಳೆ. ಭಾವ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ.

"ಕೊಡೆ ಆ ಕಡೆ ಹಿಡೀರಿ, ಅದರ ನೀರು ಒಳಗೆ ಬೀಳುತ್ತೆ" ಎಂದಳು ಅಕ್ಕ.

ಭಾವ ಒಂದು ಹೆಜ್ಜೆ ಹಿಂದೆ ಸರಿದು, ಕೈಯನ್ನು ಉದ್ದಕ್ಕೆ ಚಾಚಿ ಹಿಡಿದರು. ಈಗ ಕೊಡೆಯ ಕೆಳಗೆ ಅವಳು ಮಾತ್ರ. ಅವರ ಬನಿಯನ್ ಮೈಗೆ ಅಂಟಿತ್ತು.

"ನೆನೀತಿದೀರಿ. ಒಳಗೆ ಹೋಗಿ."

"ನೀನು ಇಷ್ಟು ವರ್ಷ ನೆನೆದಿಲ್ವಾ? ನಾನು ಒಂದಿನ ನೆನೀತೀನಿ ಬಿಡು."

ಅಕ್ಕ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗೆರೆ ಓದುತ್ತಿದ್ದಳು.